ಬೋಳು ಬೆಟ್ಟದ ಮಕ್ಕಳು

ಜುಲೈ ತಿಂಗಳ ಒಂದು ಮುಂಜಾನೆ. ರಾತ್ರಿಯಿಡೀ ಸುರಿದ ಮಳೆ ಬೆಳಗಿನ ಹೊತ್ತಿಗೆ ಸ್ವಲ್ಪ ಹೊಳವಾಗಿತ್ತು. ಹಿಂದಿನ ದಿನವಷ್ಟೇ ಮಸ್ಕತ್ತಿನಿಂದ ಬಂದಿಳಿದ ಹುಡುಗಿ ಕಾಪುವಿನ ಅಜ್ಜಿಮನೆಯ ಜಗಲಿಯಲ್ಲಿ ಕುಳಿತು ಪೂರ್ವದ ಕಡೆಗೇ ನೋಡುತ್ತಿದ್ದಳು. ತೆಂಗಿನ ತೋಟ, ಅದರಾಚೆ ಗದ್ದೆ, ಗದ್ದೆಯಾಚೆ ಮರಗಳ ಹಸಿರು ಗೋಡೆ. ತುಸು ಹೊತ್ತಿನ ಮೇಲೆ ಕೇಳಿದಳು: "ಅಜ್ಜಿ, ಇಲ್ಲಿ ಬೆಟ್ಟ ಯಾಕೆ ಕಾಣುವುದಿಲ್ಲ?"

ಅಜ್ಜಿಗೆ ನಗು ಬಂತು. "ನಿಮ್ಮ ಮಸ್ಕತ್ತಿನ ಬೆಟ್ಟದಲ್ಲಿ ಎಂತ ಉಂಟು ಮಗಾ ನೋಡ್ಲಿಕ್ಕೆ? ಒಂದು ಹುಲ್ಲುಕಡ್ಡಿ ಇಲ್ಲ. ಬರೀ ಕಲ್ಲು. ನಿನ್ನ ಅಪ್ಪ ಕಳಿಸಿದ ಫೋಟೋದಲ್ಲಿ ನೋಡಿದ್ದೇನಲ್ಲ."

ಹುಡುಗಿ ಮಾತಾಡಲಿಲ್ಲ. ಅವಳು ಈಗ ಹತ್ತನೆಯ ತರಗತಿ. ಮುಂದಿನ ವರ್ಷ ಉಡುಪಿಯಲ್ಲಿ ಪಿಯುಸಿಗೆ ಸೇರಿಸುವುದೆಂದು ಮನೆಯಲ್ಲಿ ನಿರ್ಧಾರವಾಗಿದೆ. ಅಲ್ಲಿಂದ ಮುಂದೆ ಮಣಿಪಾಲವೋ ಮತ್ತೊಂದೋ. ಅಂದರೆ, ಹುಟ್ಟಿದಂದಿನಿಂದ ಅಡುಗೆಮನೆಯ ಕಿಟಕಿಯಲ್ಲಿ ದಿನವೂ ಕಾಣುತ್ತಿದ್ದ ಆ ಕಂದು ಬೆಟ್ಟಗಳೊಡನೆ ಅವಳಿಗೆ ಉಳಿದಿರುವುದು ಇನ್ನು ಒಂದೇ ಚಳಿಗಾಲ. ಇದನ್ನು ಕುರಿತು ಮನೆಯಲ್ಲಿ ಯಾರೂ ಅವಳನ್ನು ಏನೂ ಕೇಳಿಲ್ಲ. ಹಸಿರು ಊರಿಗೆ ಬರುವವಳಿಗೆ ಬೋಳು ಕಲ್ಲನ್ನು ಬಿಟ್ಟುಬರುವ ದುಃಖವಿರಬಹುದೆಂದು ಯಾರಿಗೆ ತಾನೆ ಹೊಳೆದೀತು?

ಇಂಥ ಮನೆ ಕಾಪುವಿನಲ್ಲಿ ಒಂದೇ ಅಲ್ಲ. ಉಡುಪಿ, ಕಾರ್ಕಳ, ಪಡುಬಿದ್ರಿ, ಶಿರ್ವ, ಎಲ್ಲಿ ಹೋದರೂ ಬೀದಿಗೊಂದಾದರೂ ಗಲ್ಫ್ ಮನೆ ಸಿಗುತ್ತದೆ. ಹಿಂದೆ ಮುಂಬಯಿಗೆ ಹೊರಟಿದ್ದ ಜನ 1970ರ ದಶಕದಿಂದೀಚೆಗೆ ಸಮುದ್ರ ದಾಟಿ ಮಸ್ಕತ್, ದುಬೈ, ಅಬುಧಾಬಿ, ಅಲ್ ಐನ್‌ಗಳಲ್ಲಿ ಕೆಲಸ ಹಿಡಿದರು. ದೊಡ್ಡವರ ಪಾಲಿಗೆ ಅದು ದುಡಿಯುವ ಜಾಗ. ಊರೆಂದರೆ ಇದೇ. ಆದರೆ ಅಲ್ಲೇ ಹುಟ್ಟಿ ಬೆಳೆದ ಮಕ್ಕಳ ಕಣ್ಣಿಗೆ ಮೊದಲು ಬಿದ್ದ ಬೆಟ್ಟ, ಮೊದಲು ಕಂಡ ಸೂರ್ಯಾಸ್ತ, ಮೊದಲು ಎಣಿಸಿದ ನಕ್ಷತ್ರಗಳು ಅಲ್ಲಿಯವು. ತಂದೆಯ ಉದ್ಯೋಗ ಮುಗಿದರೆ, ಅಥವಾ ಕಾಲೇಜಿನ ವಯಸ್ಸು ಬಂದರೆ, ಅವರು ಹೊರಡಲೇಬೇಕು. ಬಾಲ್ಯದ ಊರಿಗೆ ಮತ್ತೆ ಬೇಕೆಂದಾಗ ಹೋಗಿ ನೆಲೆಸುವ ಭಾಗ್ಯ ಅವರಿಗಿಲ್ಲ. ಹೀಗಿರುವಾಗ ಆ ಬೋಳು ಬೆಟ್ಟಗಳಲ್ಲಿ ನಿಜವಾಗಿಯೂ ನೋಡುವಂಥದ್ದು ಏನಿದೆ ಎಂದು ಅಜ್ಜಿ ಕೇಳಿದ ಪ್ರಶ್ನೆಗೆ ನೆಟ್ಟಗೆ ಉತ್ತರ ಹುಡುಕುವುದು ಒಳ್ಳೆಯದಲ್ಲವೆ?

ಕಲ್ಲೆಂಬುದೇ ಹೆಸರು

ಮಸ್ಕತ್ ನಗರ ಬೆಟ್ಟ ಮತ್ತು ಸಮುದ್ರದ ನಡುವೆ ಒತ್ತಿಕೊಂಡು ಬೆಳೆದದ್ದು. ಒಮಾನಿನ ಉತ್ತರ ತುದಿಯ ಮುಸಂದಂನಿಂದ ಸೂರ್ ಪಟ್ಟಣದವರೆಗೆ ಸುಮಾರು 700 ಕಿಲೋಮೀಟರ್ ಉದ್ದಕ್ಕೆ ಬಿಲ್ಲಿನಂತೆ ಬಾಗಿ ನಿಂತಿರುವ ಈ ಶ್ರೇಣಿಗೆ ಅಲ್ ಹಜರ್ ಎಂದು ಹೆಸರು. ಅರಬ್ಬಿಯಲ್ಲಿ ಹಜರ್ ಎಂದರೆ ಕಲ್ಲು. ಅಜ್ಜಿ "ಬರೀ ಕಲ್ಲು" ಎಂದದ್ದು ಗೊತ್ತಿಲ್ಲದೆಯೇ ಆ ಬೆಟ್ಟದ ಹೆಸರನ್ನೇ ಹೇಳಿದಂತಾಯಿತು! ಈ ಶ್ರೇಣಿಯ ಅತಿ ಎತ್ತರದ ಶಿಖರ ಜಬಲ್ ಶಮ್ಸ್, ಅಂದರೆ ಸೂರ್ಯಪರ್ವತ, ಸುಮಾರು 3,000 ಮೀಟರ್ ಎತ್ತರ. ನಮ್ಮ ಕುದುರೆಮುಖ 1,900 ಮೀಟರಿಗೆ ತುಸು ಕಡಿಮೆ ಎಂಬುದನ್ನು ನೆನೆದರೆ ಅದರ ಎತ್ತರ ಅಂದಾಜಾದೀತು.

ಮಸ್ಕತ್ತಿನಲ್ಲಿ ವರ್ಷವಿಡೀ ಬೀಳುವ ಮಳೆ 100 ಮಿಲಿಮೀಟರಿನ ಆಸುಪಾಸು. ಉಡುಪಿಯಲ್ಲಿ ಅದು 4,000 ಮಿಲಿಮೀಟರಿನಷ್ಟು. ಅಲ್ಲಿಯ ಇಡೀ ವರ್ಷದ ಮಳೆಯನ್ನು ಇಲ್ಲಿಯ ಆಷಾಢ ಒಂದೇ ರಾತ್ರಿಯಲ್ಲಿ ಸುರಿದು ಮುಗಿಸಬಲ್ಲುದು. ಮಳೆ ಇಲ್ಲದ್ದರಿಂದ ಮಣ್ಣಿಲ್ಲ. ಮಣ್ಣಿಲ್ಲದ್ದರಿಂದ ಮರವಿಲ್ಲ. ಮರವಿಲ್ಲದ್ದರಿಂದ ಬೆಟ್ಟ ತನ್ನ ಎಲುಬುಗಳನ್ನೆಲ್ಲ ತೋರಿಸಿಕೊಂಡು ನಿಂತಿದೆ. ಭೂಗರ್ಭಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಬೇಕೆ?

ಮಸ್ಕತ್ತಿನ ಸುತ್ತಲಿನ ಆ ಕಡುಕಂದು ಬೆಟ್ಟಗಳ ಚರಿತ್ರೆ ಸೋಜಿಗದ್ದು. ಅವು ಹಿಂದೆ ಸಮುದ್ರದ ತಳವಾಗಿದ್ದವು. ಸುಮಾರು ಒಂಬತ್ತೂವರೆ ಕೋಟಿ ವರ್ಷಗಳ ಹಿಂದೆ ಸಾಗರದಡಿಯಲ್ಲಿ ಹುಟ್ಟಿದ ಶಿಲೆ, ಭೂಫಲಕಗಳ ಒತ್ತಡದಲ್ಲಿ ನೆಲದ ಮೇಲಕ್ಕೆ ತಳ್ಳಲ್ಪಟ್ಟು ಬೆಟ್ಟವಾಯಿತು. ಭೂಮಿಯ ಹೊರಪದರದ ಕೆಳಗೆ ಹಲವು ಕಿಲೋಮೀಟರ್ ಆಳದಲ್ಲಿ ಮಾತ್ರ ಇರಬೇಕಾದ ಮ್ಯಾಂಟಲ್ ಶಿಲೆಯ ಮೇಲೆ ಅಲ್ಲಿ ಶಾಲಾ ಮಕ್ಕಳು ಬೂಟು ಹಾಕಿಕೊಂಡು ನಡೆಯಬಹುದು. ಜಗತ್ತಿನ ನಾನಾ ಕಡೆಯ ವಿಜ್ಞಾನಿಗಳು ಇದನ್ನು ನೋಡಲೆಂದೇ ಒಮಾನಿಗೆ ಬರುತ್ತಾರೆ. ಈ ಶಿಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಬಿಳಿಯ ಗೆರೆಗಳಾಗಿ ಕಟ್ಟಿಕೊಳ್ಳುತ್ತದೆ. ಕಂದು ಬಂಡೆಯಲ್ಲಿ ಬಿಳಿ ನರಗಳಂತೆ ಕಾಣುವ ಆ ಗೆರೆಗಳನ್ನು ಆ ಹುಡುಗಿ ನೂರು ಸಲ ನೋಡಿರಬಹುದು. ಅದೇನೆಂದು ಅವಳಿಗೆ ಹೇಳಿದವರಿದ್ದಾರೋ ಇಲ್ಲವೋ!

ಇನ್ನು ಬಣ್ಣ. ಹಸಿರು ಬೆಟ್ಟ ಬೆಳಗ್ಗೆಯೂ ಹಸಿರು, ಸಂಜೆಯೂ ಹಸಿರು. ಬೋಳು ಬೆಟ್ಟಕ್ಕೆ ಮಾತ್ರ ಗಂಟೆಗೊಂದು ಬಣ್ಣ. ಸೂರ್ಯ ಹುಟ್ಟುವಾಗ ನಸುಗೆಂಪು, ನಡುಹಗಲು ಬೂದಿ, ಇಳಿಹೊತ್ತಿನಲ್ಲಿ ತಾಮ್ರ, ಸೂರ್ಯ ಮುಳುಗಿದ ಮೇಲೆ ನೇರಳೆ. ತಾಮ್ರವೆಂಬುದು ಉಪಮೆ ಮಾತ್ರವೂ ಅಲ್ಲ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಮೆಸೊಪೊಟೇಮಿಯದವರು ಮಗನ್ ಎಂದು ಕರೆಯುತ್ತಿದ್ದ ನಾಡು ಇದೇ ಎಂದು ವಿದ್ವಾಂಸರ ಅಭಿಪ್ರಾಯ. ಅಲ್ಲಿಂದ ಅವರಿಗೆ ಹೋಗುತ್ತಿದ್ದುದು ಈ ಬೆಟ್ಟಗಳ ತಾಮ್ರವೇ.

ಕಲ್ಲಿನಲ್ಲೂ ಹಸಿರು

"ಒಂದು ಹುಲ್ಲುಕಡ್ಡಿ ಇಲ್ಲ" ಎಂಬ ಮಾತೂ ಪೂರ್ತಿ ನಿಜವಲ್ಲ. ಅದೇ ಹಜರ್ ಶ್ರೇಣಿಯಲ್ಲಿ ಜಬಲ್ ಅಖ್ದರ್ ಎಂಬ ಭಾಗವಿದೆ. ಹೆಸರಿನ ಅರ್ಥವೇ ಹಸಿರು ಬೆಟ್ಟ. 2,000 ಮೀಟರಿನ ಸುಮಾರಿನಲ್ಲಿರುವ ಅಲ್ಲಿಯ ಹಳ್ಳಿಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ತೋಟಗಳು. ದಾಳಿಂಬೆ, ಅಖರೋಟು, ಏಪ್ರಿಲ್ ಸುಮಾರಿಗೆ ಅರಳುವ ಗುಲಾಬಿ. ಆ ಗುಲಾಬಿಯನ್ನು ಮನೆಮನೆಯಲ್ಲಿ ಒಲೆಯ ಮೇಲಿಟ್ಟು ಪನ್ನೀರು ಇಳಿಸುತ್ತಾರೆ. ಇನ್ನೂ ಮೇಲೆ ಹೋದರೆ ನೂರಾರು ವರ್ಷ ವಯಸ್ಸಿನ ಜೂನಿಪರ್ ಮರಗಳು. ಕಡಿದಾದ ಬಂಡೆಗಳಲ್ಲಿ ಅರೇಬಿಯನ್ ತಾರ್ ಎಂಬ ಕಾಡುಮೇಕೆಯಂಥ ಪ್ರಾಣಿ. ಒಮಾನ್ ಮತ್ತು ಸಂಯುಕ್ತ ಅರಬ್ ಸಂಸ್ಥಾನದ ಈ ಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದಿಲ್ಲ, ಇಲ್ಲಿಯೂ ಅಳಿವಿನ ಅಂಚಿನಲ್ಲಿದೆ. ಪಶ್ಚಿಮಘಟ್ಟದ ದಕ್ಷಿಣ ಭಾಗದ ನೀಲಗಿರಿ ತಾರ್ ಮತ್ತು ಇದು ಒಂದೇ ಕುಲದವೆಂದು ಬಹುಕಾಲ ತಿಳಿಯಲಾಗಿತ್ತು. ಹೊಸ ಅಧ್ಯಯನಗಳ ಬಳಿಕ ಬೇರೆ ಬೇರೆ ಎಂದು ವಿಂಗಡಿಸಿದ್ದಾರೆ.

ಆ ತೋಟಗಳಿಗೆ ನೀರು ಎಲ್ಲಿಂದ? ಫಲಜ್ ಎಂಬ ಕಾಲುವೆಗಳಿಂದ. ಬೆಟ್ಟದೊಳಗಿನ ನೀರನ್ನು ಸುರಂಗದ ಮೂಲಕ, ಯಾವ ಯಂತ್ರವೂ ಇಲ್ಲದೆ, ಬರಿಯ ಇಳಿಜಾರಿನ ಬಲದಿಂದ ಊರಿಗೆ ತರುವ ಉಪಾಯವಿದು. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎಂಬುದನ್ನು ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಲೆಕ್ಕ ಹಾಕುತ್ತಿದ್ದರು. ಒಮಾನಿನ ಐದು ಫಲಜ್‌ಗಳನ್ನು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದನ್ನು ಓದುವಾಗ ಕಾಸರಗೋಡು ಮತ್ತು ಬಂಟ್ವಾಳ ಕಡೆಯ ಓದುಗರಿಗೆ ತಮ್ಮ ಹಿತ್ತಲಿನ ನೆನಪು ಬಂದೀತು. ಕೆಂಪುಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಒಬ್ಬ ಬಗ್ಗಿ ನಡೆಯುವಷ್ಟು ಅಗಲಕ್ಕೆ ಕೊರೆದು ನೀರು ಹರಿಸುವ ಸುರಂಗಗಳು ಅಲ್ಲಿ ಬಹಳ ಇವೆಯಷ್ಟೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಣಗಿದ ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ಹಲವು ಬಾರಿ ನೀರು ಸಿಗದೆ ಸೋತು, ಮತ್ತೆ ಕೊರೆದು, ಕೊನೆಗೆ ಅಡಿಕೆ ತೋಟ ಎಬ್ಬಿಸಿದವರು. ಕೂಲಿ ಕೆಲಸ ಮಾಡುತ್ತಿದ್ದ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಬೋಳು ಬೆಟ್ಟದೊಳಗೆ ನೀರಿದೆ ಎಂದು ನಂಬುವ ಜನ ಕಡಲಿನ ಆ ದಡದಲ್ಲೂ ಇದ್ದಾರೆ, ಈ ದಡದಲ್ಲೂ ಇದ್ದಾರೆ.

ಕಡಲ ಈಚೆಗಿನ ಬೋಳುಗುಡ್ಡ

ನಿಜ ಹೇಳಬೇಕೆಂದರೆ ಬೋಳುಗುಡ್ಡ ಉಡುಪಿ ಜಿಲ್ಲೆಗೇನೂ ಹೊಸದಲ್ಲ. ಪಾದೆ, ಪದವು ಎಂಬ ತುಳು ಮಾತುಗಳು ಹುಟ್ಟಿದ್ದೇ ಅದಕ್ಕೆ. ಪಡುಬಿದ್ರಿ ಬಳಿಯ ಪಾದೆಬೆಟ್ಟುವಿನಂಥ ಊರಿನ ಹೆಸರೇ ಸಾಕ್ಷಿ. ಇಂದು ಎತ್ತರದ ಕಟ್ಟಡಗಳೂ ಸಾಲುಮರಗಳೂ ತುಂಬಿರುವ ಮಣಿಪಾಲ, ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭಿಸುವ ಮೊದಲು ಇಂಥದ್ದೇ ಬೋಳು ಗುಡ್ಡವಾಗಿತ್ತು. ಊರಿಗೆ ಹೆಸರು ಕೊಟ್ಟ ಮಣ್ಣಪಳ್ಳ ಕೆರೆ ಈಗಲೂ ಅಲ್ಲಿದೆ.

ಇಲ್ಲೊಂದು ಚಮತ್ಕಾರವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹಜರ್ ಬೆಟ್ಟ ಬೋಳಾದದ್ದು ಮಳೆ ಇಲ್ಲದ್ದರಿಂದ. ಕರಾವಳಿಯ ಪದವು ಬೋಳಾದದ್ದಕ್ಕೆ ಅತಿ ಮಳೆಯೂ ಒಂದು ಕಾರಣ! ಲಕ್ಷಾಂತರ ವರ್ಷ ಸುರಿದ ಮಳೆ ಕಲ್ಲಿನಲ್ಲಿ ಕರಗುವ ಅಂಶಗಳನ್ನೆಲ್ಲ ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶವನ್ನು ಮಾತ್ರ ಉಳಿಸಿತು. ಅದೇ ಗಟ್ಟಿಯಾಗಿ ಮುರಕಲ್ಲು. ನೆಲದಡಿಯಲ್ಲಿರುವಾಗ ಕೊಡಲಿಯಂಥ ಉಳಿಯಿಂದ ಕಡಿಯಬಹುದಾದ ಈ ಕಲ್ಲು ಗಾಳಿಗೆ ತೆರೆದುಕೊಂಡ ಮೇಲೆ ಗಡುಸಾಗುತ್ತದೆ. ಮಲಬಾರಿನಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕನಾನ್ 1807ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂಬರ್ಥದ ಶಬ್ದದಿಂದ ಬಂದ ಆ ಹೆಸರು ಈಗ ಜಗತ್ತಿನ ಪಠ್ಯಪುಸ್ತಕಗಳಲ್ಲೆಲ್ಲ ಇದೆ.

ಮಾರ್ಚ್ ತಿಂಗಳಲ್ಲಿ ಇಂಥ ಪದವಿನ ಮೇಲೆ ಬರಿಗಾಲಿಡಲಾಗದು, ಕಾದ ಕಾವಲಿಯೇ ಸರಿ. ಅದೇ ಪದವಿಗೆ ಆಗಸ್ಟಿನಲ್ಲಿ ಹೋಗಿ ನೋಡಬೇಕು. ಅಂಗೈಯಗಲದ ಹೊಂಡಗಳಲ್ಲಿ ನೀರು, ನೀರಿನ ಅಂಚಿನಲ್ಲಿ ಗುಂಡಿಯಂತೆ ಕಾಣುವ ಬಿಳಿಯ ಪುಟ್ಟ ಹೂಗಳು, ನಡುವೆ ನೀಲಿಯ ಹಾಸು. ಆ ನೀಲಿ ಹೂ ಬಿಡುವ ಯುಟ್ರಿಕ್ಯುಲೇರಿಯಾ, ಎಲೆಯ ತುಂಬ ಅಂಟಿನ ಹನಿ ಹೊತ್ತ ಡ್ರಾಸೆರಾ, ಎರಡೂ ಕೀಟ ಹಿಡಿದು ತಿನ್ನುವ ಸಸ್ಯಗಳು. ಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಸಾರವಿಲ್ಲದ್ದರಿಂದ ಅವು ಕಂಡುಕೊಂಡ ಜೀವನೋಪಾಯ ಅದು. ಜೀವಶಾಸ್ತ್ರದ ಪುಸ್ತಕದಲ್ಲಿ ಚಿತ್ರ ಬರೆದು ಅಂಕ ಗಳಿಸಿದ ಎಷ್ಟು ಮಕ್ಕಳು ಈ ಗಿಡಗಳನ್ನು ಮನೆಯ ಹತ್ತಿರದ ಪದವಿನಲ್ಲಿ ಬಗ್ಗಿ ನೋಡಿದ್ದಾರೆ? ಪ್ರಯೋಜನವಿಲ್ಲದ ಜಾಗವೆಂದು ಕಲ್ಲು ಕಡಿದು, ಮಣ್ಣು ತುಂಬಿ ಮುಗಿಸುವ ಮೊದಲು ಒಮ್ಮೆಯಾದರೂ ನೋಡುವುದು ಒಳ್ಳೆಯದು.

ಎರಡು ದಡಗಳ ನಂಟು ಇಷ್ಟಕ್ಕೇ ನಿಲ್ಲುವುದಿಲ್ಲ. ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದ ಕಂಬಗಂಬದ ಶಿಲೆಗಳು ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷಗಳ ಹಿಂದಿನ ಲಾವಾ. ಅಂದರೆ ಮಸ್ಕತ್ತಿನ ಕಂದು ಬೆಟ್ಟಗಳಿಗೂ ಅವಕ್ಕೂ ಹೆಚ್ಚುಕಡಿಮೆ ಒಂದೇ ಪ್ರಾಯ. ಜೂನ್ ತಿಂಗಳಲ್ಲಿ ಕಾಪು ದೀಪಸ್ತಂಭದ ಬಂಡೆಗೆ ಅಲೆ ಅಪ್ಪಳಿಸುವ ಹೊತ್ತಿಗೇ ಒಮಾನಿನ ದಕ್ಷಿಣದ ದೋಫಾರ್ ಬೆಟ್ಟಗಳೂ ಮಂಜು, ತುಂತುರಿನಲ್ಲಿ ಮುಳುಗಿ ಹಸಿರಾಗುತ್ತವೆ. ಅಲ್ಲಿ ಖರೀಫ್ ಎನ್ನುವ ಆ ಕಾಲವನ್ನು ತರುವುದೂ ಇದೇ ನೈಋತ್ಯ ಮಾರುತ. ಆ ಬೆಟ್ಟಗಳ ಆಚೆಯ ಒಣ ಇಳಿಜಾರಿನ ಮರದ ಅಂಟೇ ಲೋಬಾನ. ಅಷ್ಟೇಕೆ, ಕಾಪು ಸಮೀಪದ ಪಾದೂರಿನಲ್ಲಿ ಬಂಡೆಯೊಳಗೆ ಕೊರೆದ ಭೂಗತ ಸಂಗ್ರಹಾಗಾರ 25 ಲಕ್ಷ ಟನ್ ಕಚ್ಚಾತೈಲ ಹಿಡಿಸುವಂಥದ್ದು. ಮರುಭೂಮಿಯ ನಾಡಿನ ತೈಲವನ್ನು ಕಾಪಿಟ್ಟುಕೊಳ್ಳಲು ಇಲ್ಲಿಯ ಕಲ್ಲೇ ಬೇಕಾಯಿತು!

ಚೆಲುವಿಗೆ ಒಂದು ಎಚ್ಚರಿಕೆ

ಬೋಳು ಬೆಟ್ಟ ಚೆಲುವಾದದ್ದೆಂದು ಅದನ್ನು ಸಲಿಗೆಯಿಂದ ಕಾಣುವಂತಿಲ್ಲ. ಪೂರ್ವ ಹಜರ್ ಬೆಟ್ಟಗಳ ಬುಡದಲ್ಲಿ, ಕಡಲ ತೀರದಲ್ಲಿರುವ ಕುರಿಯಾತ್ ಎಂಬ ಊರಿನಲ್ಲಿ 2018ರ ಜೂನ್ ತಿಂಗಳ ಒಂದು ದಿನ, ಇಡೀ 24 ಗಂಟೆಗಳಲ್ಲಿ ಉಷ್ಣಾಂಶ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ನವೆಂಬರಿನಿಂದ ಮಾರ್ಚ್‌ವರೆಗಿನ ತಂಪು ತಿಂಗಳುಗಳೇ ಅಲ್ಲಿ ಚಾರಣದ ಕಾಲ.

ಬಿಸಿಲಿಗಿಂತಲೂ ಅಪಾಯಕಾರಿ ನೀರು ಎಂದರೆ ಊರಿನವರಿಗೆ ಆಶ್ಚರ್ಯವಾದೀತು. ಅಲ್ಲಿಯ ಒಣ ಹೊಳೆಯ ಪಾತ್ರಕ್ಕೆ ವಾದಿ ಎಂದು ಹೆಸರು. ನೀರು ಹೀರುವ ಮಣ್ಣಿಲ್ಲ, ತಡೆಯುವ ಬೇರಿಲ್ಲ. ದೂರದ ಬೆಟ್ಟದಲ್ಲಿ ಮಳೆಯಾದರೆ, ತಲೆಯ ಮೇಲೆ ಬಿಸಿಲಿರುವಾಗಲೇ ವಾದಿಯಲ್ಲಿ ಪ್ರವಾಹ ನುಗ್ಗಬಹುದು. 2024ರ ಏಪ್ರಿಲ್ ತಿಂಗಳಲ್ಲಿ ಒಮಾನಿನ ಸಮದ್ ಅಲ್ ಶಾನ್ ಎಂಬಲ್ಲಿ ಇಂಥ ಪ್ರವಾಹ ಶಾಲಾ ಮಕ್ಕಳನ್ನೂ ಬಲಿ ತೆಗೆದುಕೊಂಡಿತು. ಅದೇ ವಾರ ಸಂಯುಕ್ತ ಅರಬ್ ಸಂಸ್ಥಾನದ ಅಲ್ ಐನ್ ಪ್ರದೇಶದ ಒಂದು ಕಡೆ ಒಂದೇ ದಿನದಲ್ಲಿ 254 ಮಿಲಿಮೀಟರ್ ಮಳೆ ಸುರಿಯಿತು. 1949ರಲ್ಲಿ ಲೆಕ್ಕವಿಡಲು ಆರಂಭಿಸಿದ ಮೇಲೆ ಆ ದೇಶ ಅಂಥ ಮಳೆ ಕಂಡಿರಲಿಲ್ಲ. ಮೋಡ ಕಂಡರೆ ವಾದಿಯಿಂದ ಮೇಲೆ ಬನ್ನಿ ಎಂಬುದು ಅಲ್ಲಿಯ ಹಿರಿಯರ ಮಾತು. ಜೂನ್ ತಿಂಗಳಲ್ಲಿ ಕಡಲಿಗಿಳಿಯಬೇಡಿ, ಹಾವಸೆ ಕಟ್ಟಿದ ಬಂಡೆ ಹತ್ತಬೇಡಿ ಎಂದು ಇಲ್ಲಿಯ ಹಿರಿಯರು ಹೇಳುವುದಿಲ್ಲವೆ? ಹಾಗೆಯೇ ಅದು.

ಪೋಷಕರಿಗೆ ಹೇಳಬೇಕಾದ ಮಾತು ಸಣ್ಣದು. ಅಲ್ಲಿರುವವರು ರಜಾದಿನವನ್ನೆಲ್ಲ ಮಾಲುಗಳಲ್ಲಿ ಕಳೆದು, "ಇಲ್ಲಿ ನೋಡಲಿಕ್ಕೆ ಏನೂ ಇಲ್ಲ, ನಮ್ಮ ಊರೇ ಚೆಂದ" ಎಂದು ಮಕ್ಕಳ ಮುಂದೆ ಹೇಳುತ್ತ ಬಂದರೆ, ಮಗು ತಾನು ಬೆಳೆದ ನೆಲವನ್ನು ಪ್ರೀತಿಸುವುದು ತಪ್ಪೆಂದು ತಿಳಿಯುತ್ತದೆ. ಊರಿಗೆ ಬಂದ ಮೇಲೆ ಅದೇ ಮಗುವಿಗೆ ಇಲ್ಲಿಯ ಮಳೆ ಕೆಸರಾಗಿ, ಕಾಡು ಜಿಗಣೆಯಾಗಿ ಕಂಡರೆ ಅದರಲ್ಲಿ ಮಗುವಿನ ತಪ್ಪೇನು? ಒಂದು ನೆಲವನ್ನು ಕಣ್ಣಿಟ್ಟು ನೋಡಲು ಕಲಿತ ಮಗು ಇನ್ನೊಂದನ್ನೂ ನೋಡೀತು. ಅಪ್ಪ ಅಮ್ಮ ಮಾಡಬೇಕಾದ್ದು ಬಹಳವೇನಿಲ್ಲ. ತಿಂಗಳಿಗೊಮ್ಮೆ ಬೆಟ್ಟದ ಬುಡಕ್ಕೆ ಹೋಗುವುದು. ಒಂದೇ ಬೆಟ್ಟವನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ ಬಣ್ಣದ ಪೆನ್ಸಿಲಿನಲ್ಲಿ ಬರೆಯಲು ಮಗುವಿಗೆ ಹೇಳುವುದು. ಜಬಲ್, ವಾದಿ, ಫಲಜ್ ಎಂಬ ಶಬ್ದಗಳ ಪಕ್ಕದಲ್ಲಿ ಗುಡ್ಡೆ, ತೋಡು, ಸುರಂಗ ಎಂಬ ಶಬ್ದಗಳನ್ನು ಬರೆಸುವುದು. ಊರಿನಲ್ಲಿರುವ ಮಕ್ಕಳೂ ತಮ್ಮ ಪದವಿನ ಬಗ್ಗೆ ಇದನ್ನೇ ಮಾಡಬಹುದು.

ಕಾಪುವಿನ ಆ ಮನೆಯವರು ರಜೆ ಮುಗಿಯುವ ಮೊದಲು ಒಂದು ದಿನ ನೆಂಟರ ಮನೆಗೆಂದು ಕಾರ್ಕಳಕ್ಕೆ ಹೋದರು. ಕರಿಕಲ್ಲಿನಿಂದಲೇ ಕಾರ್ಕಳ ಎಂಬ ಹೆಸರು ಬಂತೆಂದು ಹೇಳುವುದುಂಟು. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಹತ್ತಿ, 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಏಕಶಿಲೆಯ ಗೊಮ್ಮಟನ ಮುಂದೆ ನಿಂತರು. ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆಗೊಂಡ 39 ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲ ಶೆಣೈಯವರು ಕಡೆದದ್ದೂ ಇದೇ ಕಾರ್ಕಳದ ಮಂಗಳಪಾದೆಯ ಕಲ್ಲಿನಲ್ಲಿ ಎಂದು ನೆಂಟರು ಹೇಳಿದರು. ಮಳೆ ನಿಂತಿತ್ತು. ಕೆಳಗೆ 1586ರ ಚತುರ್ಮುಖ ಬಸದಿ ಒದ್ದೆಯಾಗಿ ಹೊಳೆಯುತ್ತಿತ್ತು. ಪೂರ್ವದಲ್ಲಿ ಮೋಡ ಸರಿದು ಘಟ್ಟದ ನೀಲಿ ಗೆರೆ ಮೂಡಿತು. ಬಂದಾಗಿನಿಂದ ಹುಡುಗಿಗೆ ಕಂಡ ಮೊದಲ ಬೆಟ್ಟ ಅದು.

ಅವಳು ಕುಳಿತು, ಕಾಲಡಿಯ ಬಂಡೆಗೆ ಅಂಗೈ ಒತ್ತಿದಳು. "ಅಜ್ಜಿ, ನಮ್ಮ ಬೆಟ್ಟ ಸಂಜೆಗೆ ಬಿಸಿಯಾಗಿರುತ್ತದೆ. ಸೂರ್ಯ ಮುಳುಗಿದ ಮೇಲೂ ತುಂಬ ಹೊತ್ತು ಬಿಸಿ ಇರುತ್ತದೆ. ಕೈ ಇಟ್ಟರೆ ಯಾರದೋ ಬೆನ್ನಿಗೆ ಕೈ ಇಟ್ಟ ಹಾಗೆ" ಎಂದಳು.

ಅಜ್ಜಿ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಅವಳ ಪಕ್ಕದಲ್ಲಿ ಕುಳಿತರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಬರುವ ವರ್ಷ ಬರುವಾಗ ಅಲ್ಲಿಯದ್ದು ಒಂದು ಸಣ್ಣ ಕಲ್ಲು ತಾ ಮಗಾ. ತುಳಸಿಕಟ್ಟೆಯ ಹತ್ತಿರ ಇಡುವ. ನನಗೂ ನೋಡ್ಬೇಕು."